ಒಡ್ಡು ಕಾವಲಿನ ಪಟ್ಟಿ

ಸೆಪ್ಟೆಂಬರ್ 5, 1944, ಮಂಗಳವಾರ

ಆಂಟ್‌ವರ್ಪ್ ನಗರ ಇಂಗ್ಲಿಷರ ಕೈಗೆ ಬಂದಿದೆ. ಬೆಳಿಗ್ಗೆಯಿಂದ ನಮ್ಮ ಬೀದಿಯಲ್ಲಿ ಜರ್ಮನರು ಕದ್ದ ಸೈಕಲ್ಲುಗಳ ಮೇಲೆ, ಕದ್ದ ಕುದುರೆಗಾಡಿಗಳ ಮೇಲೆ ಪೂರ್ವಕ್ಕೆ ಕಾಲು ಕೀಳುತ್ತಿದ್ದಾರೆ. ಒಬ್ಬನ ಕಂಕುಳಲ್ಲಿ ಯಾರದೋ ಗೋಡೆ ಗಡಿಯಾರವಿತ್ತು. ಬಾಗಿಲಲ್ಲಿ ನಿಂತು ಎಣಿಸಿದೆ. ಇನ್ನೂರರ ಮೇಲೆ ಬೇಸರವಾಗಿ ಬಿಟ್ಟೆ.

ಇದನ್ನು ಬರೆಯುತ್ತಿರುವುದು ಒಡ್ಡಿನ ಮಂಡಳಿಯ ಖಾಲಿ ಪುಸ್ತಕದಲ್ಲಿ. ಮೂವತ್ತೊಂದು ವರ್ಷ ಅಲ್ಲಿ ಗುಮಾಸ್ತನಾಗಿದ್ದವನಿಗೆ ಒಂದು ಪುಸ್ತಕದ ಹಕ್ಕಿಲ್ಲವೇ? ಕಡಲಿಗಿಂತ ತಗ್ಗಿನಲ್ಲಿರುವ ಈ ವಾಲ್ಖರೆನ್ ದ್ವೀಪ ಒಣಗಿಕೊಂಡಿರುವುದು ಕಡಲ ಒಡ್ಡಿನಿಂದ. ಒಡ್ಡು ನಿಂತಿರುವುದು ನನ್ನಂಥವರ ಕಾಗದಪತ್ರದಿಂದ. ಇದನ್ನು ಯಾರೂ ಒಪ್ಪುವುದಿಲ್ಲ. ನನ್ನ ಹೆಂಡತಿ ನೆಲ್ಲಾ ಒಪ್ಪುತ್ತಿದ್ದಳು, ಅಥವಾ ಒಪ್ಪಿದ ಹಾಗೆ ಹೆಣಿಗೆ ಹೆಣೆಯುತ್ತಿದ್ದಳು. ಫೆಬ್ರವರಿಯಲ್ಲಿ ಅವಳು ತೀರಿಕೊಂಡ ಮೇಲೆ ನನ್ನ ಮಾತೆಲ್ಲ ಒಳಗೇ ಹುಳಿಯುತ್ತಿದೆ. ಮನೆಯಲ್ಲಿ ಅವಳ ತಂಗಿ ತಾನೆತ್ಯೆ ಇದ್ದಾಳೆ. ಬಂದರು ಊರಿನಿಂದ ಜರ್ಮನರು ಎಬ್ಬಿಸಿ ಕಳಿಸಿದ ಮೇಲೆ ಇಲ್ಲಿಗೆ ಬಂದವಳು. ಅವಳಿಗೆ ಒಂದು ಮಾತು ಹೇಳಿದರೆ ಮೂರು ತಿರುಗಿ ಬರುತ್ತವೆ.

"ಭಾವ, ಬಾಗಿಲಲ್ಲಿ ನಿಂತು ಹಲ್ಲು ಕಿರೀಬೇಡಿ, ಗುಂಡು ಹೊಡೀತಾರೆ."

"ಓಡೋರಿಗೆ ಗುರಿ ಇರಲ್ಲ ಬಿಡು."

"ನಿಮ್ಮ ಹೊಟ್ಟೆಗೆ ಗುರಿ ಬೇಕಾಗೂ ಇಲ್ಲ."

ಇಂಗ್ಲಿಷರು ಎರಡು ದಿನದಲ್ಲಿ ಇಲ್ಲಿರುತ್ತಾರೆ. ಆಗ ಊರಿಗೆಲ್ಲ ನಾನೇ ಬೇಕಾಗುತ್ತೇನೆ. ಮಿಡಲ್‌ಬರ್ಗ್ ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಕಲಿತವನು ಈ ಊರಿನಲ್ಲಿ ಇನ್ಯಾರಿದ್ದಾನೆ? ನಲವತ್ತು ವರ್ಷದ ತುಕ್ಕು ಹಿಡಿದಿದೆ, ನಿಜ. ಆದರೂ ಸೌದೆ ಗೂಡಿನಲ್ಲಿ ಬಚ್ಚಿಟ್ಟ ರೇಡಿಯೋಗೆ ಕಿವಿಯಿಟ್ಟು ಸ್ಟಾಲಿನ್‌ಗ್ರಾಡ್, ಅಲ್ ಅಲಮೀನ್, ನಾರ್ಮಂಡಿ ಮೂರನ್ನೂ ಊರಿಗೆ ಮೊದಲು ಹೇಳಿದವನು ನಾನು. ಆ ಹೆಸರುಗಳನ್ನು ಹೇಳುವಾಗ ಬಾಯಿ ಎಷ್ಟು ಸಿಹಿಯಾಗುತ್ತಿತ್ತು!

ಎದುರು ಹೊಲದ ಕ್ರೈನ್ ರೂಲ್ಸೆ ಇಡೀ ದಿನ ಮನೆಯಿಂದ ಹೊರಗೆ ತಲೆ ಹಾಕಲಿಲ್ಲ. ಕಾಯಲಿ. ಅವನ ಸರದಿಯೂ ಬರುತ್ತದೆ.

ಸೆಪ್ಟೆಂಬರ್ 10, ಭಾನುವಾರ

ಇಂಗ್ಲಿಷರು ಬರಲಿಲ್ಲ. ಓಡಿಹೋದ ಜರ್ಮನರೇ ತಿರುಗಿ ಬಂದಿದ್ದಾರೆ, ಹೋದವರ ಮೂರರಷ್ಟು.

ಚರ್ಚಿನಲ್ಲಿ ರೂಲ್ಸೆ ಮತ್ತು ಅವನ ಹೆಂಡತಿ ಯಾನ್ನಾ ಬಂದು ಕೂತ ಕೂಡಲೇ ಆ ಬೆಂಚಿನ ಆರು ಜನ ಎದ್ದು ಹಿಂದಿನ ಸಾಲಿಗೆ ಹೋದರು. ಪಾದ್ರಿಯ ಪ್ರವಚನಕ್ಕಿಂತ ನನಗೆ ಅದೇ ಹಿತವಾಯಿತು. ಯಾಕೆಂದು ಕ್ರಮವಾಗಿ ಬರೆದಿಡುತ್ತೇನೆ, ಇಂಗ್ಲಿಷರು ಕೇಳಿದಾಗ ತಡವರಿಸಬಾರದು.

ಕಳೆದ ನವೆಂಬರ್ ನಾಲ್ಕರಂದು ಜರ್ಮನರು ಊರವರನ್ನೆಲ್ಲ ಚರ್ಚಿನ ಮುಂದೆ ನಿಲ್ಲಿಸಿ, ಹೆಸರು ಕೂಗಿ, ಹತ್ತೊಂಬತ್ತು ಗಂಡಸರನ್ನು ತಮ್ಮ ದೇಶದ ಕಾರ್ಖಾನೆಗಳಲ್ಲಿ ದುಡಿಯಲು ಎಳೆದೊಯ್ದರು. ನನ್ನ ಮಗ ವಿಸ್ಸೆಯೂ ಹೋದ. ಅವನ ಕೊನೆಯ ಕಾಗದ ಬಂದದ್ದು ಮೇ ತಿಂಗಳಲ್ಲಿ, ಎಸ್ಸೆನ್ ನಗರದಿಂದ. ನೆಲ್ಲಾ ಅಷ್ಟರವರೆಗೂ ಕಾಯಲಿಲ್ಲ. ಆ ದಿನ ಜರ್ಮನ್ ಲೆಫ್ಟಿನೆಂಟನ ಪಕ್ಕದಲ್ಲಿ ಗಾಡಿ ಹಿಡಿದು ನಿಂತಿದ್ದವನು ಯಾರು? ಕ್ರೈನ್ ರೂಲ್ಸೆ. ಕಡಲತೀರದಲ್ಲಿ ಜರ್ಮನರಿಗಾಗಿ ದಾಳಿಯ ದೋಣಿ ತಡೆಯುವ ಕಂಬ ನೆಡಲು ಹೋಗುತ್ತಿದ್ದವನು ಯಾರು? ಅವನೇ. ಯಾವ ಮನೆಯಲ್ಲಿ ಯಾವ ಗಂಡಸಿದ್ದಾನೆ ಎಂದು ಅವರಿಗೆ ಇನ್ಯಾರು ಹೇಳಬೇಕು?

ಅದರಲ್ಲೂ ಅವನ ದಡ್ಡತನ ನೋಡು. ಆಗಸ್ಟಿನಲ್ಲೇ ಸತ್ತಿದ್ದ ಯೋಬ್ ಮೇಲಿಸನ ಹೆಸರನ್ನೂ ಕೊಟ್ಟಿದ್ದಾನೆ! "ಯೋಬ್ ಮೇಲಿಸ್" ಎಂದು ಲೆಫ್ಟಿನೆಂಟ್ ಕೂಗಿದಾಗ ಅಳುತ್ತಿದ್ದವರೂ ನಕ್ಕುಬಿಟ್ಟರು. "ಸ್ಮಶಾನಕ್ಕೆ ಹೋಗಿ ಕೂಗು, ಬರ್ತಾನೆ" ಎಂದರು ಯಾರೋ. ಲೆಫ್ಟಿನೆಂಟ್ ನಗಲಿಲ್ಲ. ಹಾಗಾದರೆ ಆ ಮನೆಯಿಂದ ಇನ್ನೊಬ್ಬ ಬರಲಿ ಎಂದ. ಯೋಬನ ಮಗ ಮಾರಿನಸ್ಸನನ್ನು ತಾಯಿಯ ಕೈಯಿಂದ ಬಿಡಿಸಿಕೊಂಡರು. ಹದಿನೇಳು ವರ್ಷ. ಆ ತಾಯಿ ಸುಸಾನ ಈಗಲೂ ರೂಲ್ಸೆಯ ಗೇಟು ದಾಟುವಾಗ ಉಗಿಯದೆ ಹೋಗುವುದಿಲ್ಲ. ಕೊಟ್ಟವನು ಯಾರೆಂದು ಅವಳಿಗೆ ಹೇಳಿದವನು ನಾನು. ಊರಿಗೆ ಹೇಳಿದವನೂ ನಾನೇ.

ಸೆಪ್ಟೆಂಬರ್ 19, ಮಂಗಳವಾರ

ಆಕಾಶದ ತುಂಬ ವಿಮಾನಗಳು, ಮೊನ್ನೆಯಿಂದ. ಇಂಗ್ಲಿಷ್ ಪಡೆ ಆರ್ನೆಮ್ ಊರಿನಲ್ಲಿ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಇಳಿದಿದೆಯಂತೆ, ಸೇತುವೆ ಹಿಡಿದಿದೆಯಂತೆ. 'ಗ್ಲೋರಿಯಸ್' ಎಂದಿತು ರೇಡಿಯೋ. ಅದನ್ನು ಕನ್ನಡಿಯ ಮುಂದೆ ನಿಂತು ನಾಲ್ಕು ಸಲ ಹೇಳಿ ನೋಡಿದೆ.

ಗಾಳಿ ಪಶ್ಚಿಮಕ್ಕೆ ತಿರುಗಿದೆ. ಪ್ರತಿ ವರ್ಷ ಈ ಹೊತ್ತಿಗೆ, ಬಿರುಗಾಳಿ ಶುರುವಾಗುವ ಮುಂಚೆ, ಒಡ್ಡು ಕಾವಲಿನ ಪಟ್ಟಿ ಬರೆಯುವುದು ನನ್ನ ಕೆಲಸ. ಮನೆಗೊಬ್ಬ ಗಂಡಸು. ಚರ್ಚಿನ ಗಂಟೆ ಬಾರಿಸಿದರೆ ಗುದ್ದಲಿ ಹಿಡಿದು ಒಡ್ಡಿನ ತನ್ನ ಭಾಗಕ್ಕೆ ಓಡಬೇಕು. ಹೆಸರು, ವಯಸ್ಸು, ಮೈಕಟ್ಟು, ಗಾಡಿ ಉಂಟೇ, ಈಜು ಬರುತ್ತದೆಯೇ ಎಲ್ಲ ಬರೆಯಬೇಕು. ಮನೆಯ ಗಂಡಸು ಸತ್ತರೂ ನವೆಂಬರ್ ಹನ್ನೊಂದರವರೆಗೆ ಹೆಸರು ಹೊಡೆದುಹಾಕುವಂತಿಲ್ಲ. ಅಷ್ಟರೊಳಗೆ ಆ ಮನೆಯವರು ಬದಲಿ ಆಳನ್ನು ಹೇಳಬೇಕು. ಅಜ್ಜನ ಅಜ್ಜನ ಕಾಲದ ನಿಯಮ. ಮನೆ ಒಡ್ಡಿಗೆ ಒಬ್ಬನನ್ನು ಕೊಡಲೇಬೇಕು.

ಈ ವರ್ಷ ಬರೆಯಲು ಗಂಡಸರೇ ಇಲ್ಲ. ಕಳೆದ ವರ್ಷದ್ದು ನನ್ನ ಜನ್ಮದ ಅತ್ಯುತ್ತಮ ಪಟ್ಟಿ. ವಿಸ್ಸೆಯ ಹೆಸರಿನ ಮುಂದೆ 'ಗಟ್ಟಿ ಆಳು, ಚೆನ್ನಾಗಿ ಈಜುತ್ತಾನೆ' ಎಂದು ಬರೆಯುವಾಗ ಕೈ ತಾನಾಗಿ ದುಂಡಗೆ ಬರೆಯಿತು. ಒಡ್ಡಿನ ಭದ್ರತೆ ವಿಚಾರಿಸಲು ಕಚೇರಿಗೆ ಬಂದಿದ್ದ ಜರ್ಮನ್ ಲೆಫ್ಟಿನೆಂಟ್ ಕೂಡ ಅದನ್ನು ನೋಡಿ, ಇಂಥ ಕೈಬರಹ ನಮ್ಮ ದೇಶದಲ್ಲೂ ಅಪರೂಪ ಎಂದಿದ್ದ. ಶತ್ರುವಾದರೇನು, ಒಳ್ಳೆಯದನ್ನು ಗುರುತಿಸುವ ಕಣ್ಣಿತ್ತು.

ಸೆಪ್ಟೆಂಬರ್ 27

ಆರ್ನೆಮ್ ಕೈತಪ್ಪಿತು. ಸೌದೆ ಗೂಡಿನ ಸುತ್ತ ಏಳು ಜನ ಕಾದಿದ್ದರು. ಸರಿಯಾಗಿ ಅರ್ಥವಾಗಲಿಲ್ಲ ಎಂದು ಹೇಳಿ ಕಳಿಸಿದೆ. ಅರ್ಥವಾಗಿತ್ತು.

ಅಕ್ಟೋಬರ್ 2, ಸೋಮವಾರ

ಇಂಗ್ಲಿಷ್ ವಿಮಾನಗಳು ಕರಪತ್ರ ಸುರಿಸಿದವು. ದ್ವೀಪ ಬಿಟ್ಟು ತಕ್ಷಣ ಹೊರಡಿ, ಬಾಂಬು ಬೀಳುತ್ತದೆ, ನೀರೂ ಬರಬಹುದು ಎಂದು ಬರೆದಿದೆ. ಎಲ್ಲಿಗೆ ಹೊರಡುವುದು? ಸುತ್ತ ಕಡಲು; ಇರುವ ಒಂದು ದಾರಿಯಲ್ಲಿ ಜರ್ಮನರು ನಿಂತಿದ್ದಾರೆ.

"ನೀರೂ ಬರಬಹುದು ಅಂದ್ರೆ ಏನು ಭಾವ?" ಎಂದಳು ತಾನೆತ್ಯೆ.

"ಸುಮ್ನೆ ಜರ್ಮನರನ್ನ ಹೆದರಿಸೋಕೆ. ಇಂಗ್ಲಿಷರು ಒಡ್ಡು ಮುಟ್ಟೋ ಜನ ಅಲ್ಲ."

ಅವಳು ಆಲೂಗಡ್ಡೆ ಚೀಲಗಳನ್ನು ಅಟ್ಟಕ್ಕೆ ಸಾಗಿಸಿದಳು. ನಾನು ನಕ್ಕೆ.

ಅಕ್ಟೋಬರ್ 3

ಒಡ್ಡು ಹೋಯಿತು.

ಅಕ್ಟೋಬರ್ 5, ಗುರುವಾರ

ಇವತ್ತು ಬರೆಯುತ್ತೇನೆ. ಮೊನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಶುರುವಾಗಿ ಎರಡು ತಾಸಿಗೂ ಹೆಚ್ಚು ಕಾಲ ಇಂಗ್ಲಿಷರು ಅಲೆ ಅಲೆಯಾಗಿ ಬಂದು ದ್ವೀಪದ ಪಶ್ಚಿಮ ತುದಿಯ ವೆಸ್ಟ್‌ಕಪೆಲ್ಲೆಯ ಒಡ್ಡಿನ ಮೇಲೆ ಬಾಂಬು ಸುರಿದರು. ಜಗತ್ತಿನ ಅತಿ ಗಟ್ಟಿಯಾದ ಒಡ್ಡುಗಳಲ್ಲಿ ಒಂದು. ಅದರ ಒಂದೊಂದು ಕಲ್ಲಿಗೂ ನಮ್ಮ ಕಚೇರಿಯಲ್ಲಿ ಕಾಗದವಿದೆ. ಅಲ್ಲಿ ಗಾಳಿಗಿರಣಿಯಲ್ಲಿ ಅಡಗಿದ್ದವರು ನೀರು ಏರಿ ಒಳಗೇ ಸತ್ತರಂತೆ, ಮಕ್ಕಳು ಮರಿ ಸಮೇತ. ಜರ್ಮನರ ಫಿರಂಗಿಗಳು ಮಾತ್ರ ಒಣ ದಿಣ್ಣೆಗಳ ಮೇಲೆ ಹಾಯಾಗಿವೆ.

ಇವರನ್ನೇ ಅಲ್ಲವೇ ನಾನು ನಾಲ್ಕು ವರ್ಷ ಕಾದದ್ದು? ನೀರಿನಿಂದ ದೇಶ ಕಟ್ಟಿಕೊಂಡವರ ಮೇಲೆ ನೀರು ಬಿಡುವುದನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ? ಇನ್ನು ಆ ರೇಡಿಯೋ ನನ್ನ ಕಿವಿಗೆ ಬೇಡ.

ಕಡಲು ಈಗ ದಿನಕ್ಕೆ ಎರಡು ಸಲ ಊರಿನೊಳಗೆ ಬಂದು ಹೋಗುತ್ತದೆ. ದಿಣ್ಣೆಯ ಮೇಲಿರುವ ಚರ್ಚು ಮತ್ತು ನಮ್ಮದೂ ಸೇರಿ ಹತ್ತು ಮನೆ ಉಳಿದಿವೆ. ಇವತ್ತು ಬೆಳಿಗ್ಗೆ ಕಿಟಕಿಯಿಂದ ನೋಡುತ್ತೇನೆ, ಎದೆಮಟ್ಟದ ನೀರಿನಲ್ಲಿ ರೂಲ್ಸೆ ಹಸು ಹಿಡಿದು, ಯಾನ್ನಾ ತಲೆಯ ಮೇಲೆ ಗಂಟು ಹೊತ್ತು ನಮ್ಮ ಬಾಗಿಲಿಗೇ ಬರುತ್ತಿದ್ದಾರೆ. ನಾನು ಮೆಟ್ಟಿಲು ಇಳಿಯುವಷ್ಟರಲ್ಲಿ ತಾನೆತ್ಯೆ ಬಾಗಿಲು ತೆಗೆದಾಗಿತ್ತು.

"ಇವರು ಇಲ್ಲಿ ಇರೋ ಹಾಗಿಲ್ಲ," ಎಂದೆ.

"ಮನೆ ನಿಮ್ಮದು ಭಾವ, ಒಲೆ ನಂದು. ಇವರನ್ನ ಕಳಿಸಿದ್ರೆ ನಾನೂ ಒಲೆ ಆರಿಸಿ ಇವರ ಹಿಂದೆ ಹೋಗ್ತೀನಿ. ಆಮೇಲೆ ನಿಮ್ಮ ಇಂಗ್ಲಿಷ್ ಬೇಯಿಸ್ಕೊಂಡು ತಿನ್ನಿ."

ರೂಲ್ಸೆ ಹಲ್ಲು ಕಟಕಟಿಸುತ್ತಿದ್ದರೂ ನಕ್ಕ. "ಏನಪ್ಪಾ ಗುಮಾಸ್ತ, ನಿನ್ನ ದೋಸ್ತರು ಕಡಲನ್ನ ಮನೆ ಬಾಗಿಲಿಗೇ ತಂದುಕೊಟ್ರಲ್ಲ!"

"ನಿನ್ನ ದೋಸ್ತರು ನನ್ನ ಮಗನ್ನ ತಗೊಂಡು ಹೋದ್ರಲ್ಲ," ಎಂದೆ.

ನಗು ನಿಂತಿತು. ಹಸುವನ್ನು ನನ್ನ ಓದುವ ಕೋಣೆಯಲ್ಲಿ ಕಟ್ಟಿದ್ದಾರೆ. ಅಟ್ಟದ ನಡುವೆ ನಾನೇ ಹಗ್ಗ ಬಿಗಿದು ಕಂಬಳಿ ನೇತುಹಾಕಿದೆ. ಆ ಕಡೆ ಅವರು, ಈ ಕಡೆ ನಾನು. ತಾನೆತ್ಯೆ ಎರಡೂ ಕಡೆ.

ಅಕ್ಟೋಬರ್ 11, ಬುಧವಾರ

ಉಬ್ಬರ ಸಣ್ಣದಾಗಿದೆ, ನೀರು ಅಂಗಳದಲ್ಲೇ ನಿಂತು ಹಿಂದಕ್ಕೆ ಹೋಗುತ್ತಿದೆ. ಊರವರು ಇನ್ನೇನು ಮುಗಿಯಿತು ಎಂದುಕೊಂಡಿದ್ದಾರೆ. ಮೂರ್ಖರು. ಹದಿನೇಳಕ್ಕೆ ಅಮಾವಾಸ್ಯೆ. ಉಬ್ಬರದ ನೀರಿನ ಮಟ್ಟ ಬರೆದಿಟ್ಟ ನನ್ನ ಪುಸ್ತಕ ತೆಗೆದು ಲೆಕ್ಕ ಹಾಕಿದೆ. ಹದಿನೆಂಟರ ಹೊತ್ತಿಗೆ ನೀರು ನಮ್ಮ ಹೊಸ್ತಿಲಿಗಿಂತ ಒಂದೂವರೆ ಅಡಿ ಮೇಲೆ ಬರುತ್ತದೆ. ಇದನ್ನು ಕಂಬಳಿಯ ಆ ಕಡೆಗೆ ಹೇಳುವ ಉದ್ದೇಶ ಇರಲಿಲ್ಲ. ಗಟ್ಟಿಯಾಗಿ ಓದುವುದು ನನ್ನ ಅಭ್ಯಾಸ.

"ಒಂದೂವರೆ ಅಡಿ ನೀರಿಗೆ ಗೋಡೆ ಬೀಳಲ್ಲ," ಎಂದಿತು ಆ ಕಡೆಯ ಸ್ವರ. "ಅಲೆಗೆ ಬೀಳುತ್ತೆ. ಪಶ್ಚಿಮದ ಗೋಡೆ ಒಂದು ಇಟ್ಟಿಗೆ ದಪ್ಪ. ಪುಸ್ತಕದಲ್ಲಿ ಅದು ಬರ್ದಿಲ್ವಾ?"

ಬರೆದಿಲ್ಲ.

ಮಧ್ಯಾಹ್ನ ಅವನು ವಿಲೋ ಮರದ ಕಡ್ಡಿ ಕಡಿದು ತಂದು, ಹೊರೆ ಕಟ್ಟಿ, ಗೋಡೆಯ ಮುಂದೆ ಗೂಟ ಹೊಡೆದು ಹೆಣೆಯತೊಡಗಿದ. ಒಡ್ಡಿನ ಬುಡಕ್ಕೆ ಹೆಣೆಯುವ ಹಾಗೆಯೇ. ಒಬ್ಬನಿಂದ ಆಗುವ ಕೆಲಸವಲ್ಲ. ಹೊರೆ ಹಿಡಿಯಲು ಹೋದೆ. ಹೋದದ್ದು ನನ್ನ ಗೋಡೆಗಾಗಿ, ಅವನಿಗಾಗಿ ಅಲ್ಲ. ಇದನ್ನು ಅವನಿಗೂ ಹೇಳಿದೆ.

"ಬಿಗಿಯಾಗಿ ಹಿಡಿ," ಎಂದ. "ಪೆನ್ನಲ್ಲ ಅದು."

ಅಕ್ಟೋಬರ್ 14

ಗೂಟ. ಹೊರೆ. ಗೂಟ. ಅಂಗೈಯಲ್ಲಿ ಆರು ಗುಳ್ಳೆ. ಕ್ರೈನನ ಅಂಗೈಯಲ್ಲಿ ಗುಳ್ಳೆ ಏಳುವ ಜಾಗವೇ ಇಲ್ಲ.

ಅಕ್ಟೋಬರ್ 19, ಗುರುವಾರ

ನೀರು ಒಂದೂವರೆ ಅಡಿಯಲ್ಲ, ಒಂದು ಅಡಿ ಎಂಟು ಅಂಗುಲ ಬಂತು. ಗಾಳಿಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪಕ್ಕದ ಮನೆಯ ಪಶ್ಚಿಮದ ಗೋಡೆ ನಿನ್ನೆ ಬೆಳಿಗ್ಗೆ ರೊಟ್ಟಿ ಮುರಿದ ಹಾಗೆ ಕುಸಿಯಿತು. ಅವರನ್ನೆಲ್ಲ ಚರ್ಚಿಗೆ ಸಾಗಿಸಿದರು. ನಮ್ಮದು ನಿಂತಿತು. ಹಸು ಮೊಣಕಾಲು ನೀರಿನಲ್ಲಿ ನಿಂತು ಮಂಡಳಿಯ ಹಳೆಯ ಕಡತವೊಂದನ್ನು ತಿಂದಿದೆ.

ಸಂಜೆ ತಾನೆತ್ಯೆ ಕಂಬಳಿಯನ್ನು ಹಗ್ಗದಿಂದ ಕಿತ್ತು ಯಾನ್ನಾಳಿಗೆ ಹೊದಿಸಿದಳು, ಅವಳಿಗೆ ಜ್ವರ. ನಾನು ಇನ್ನೊಂದು ಹುಡುಕಿ ನೇತುಹಾಕಬೇಕಿತ್ತು. ಮರೆತೆ.

ಅಕ್ಟೋಬರ್ 22, ಭಾನುವಾರ

ಈ ಹೆಂಗಸರ ತರ್ಕ! ಯಾನ್ನಾ ಜ್ವರದಿಂದ ಎದ್ದವಳು ಸೂಪು ಕುಡಿಯುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಬಟ್ಟಲು ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಗುಮಾಸ್ತರೇ, ಒಂದು ಕೇಳ್ಲಾ? ಯೋಬ್ ಸತ್ತಾಗ ಪೆಟ್ಟಿಗೆ ಹೊತ್ತ ಆರು ಜನ ಯಾರ್ಯಾರು ಅಂತ ನೆನಪಿದ್ಯಾ ನಿಮಗೆ?"

"ಯಾಕೆ?"

"ಮುಂದಿನ ಎಡಗಡೆ ಭುಜ ನನ್ನ ಗಂಡಂದು. ಗುಂಡಿಗೆ ಇಳಿಸಿದ್ದೂ ಅವನೇ. ಮೂರು ತಿಂಗಳಲ್ಲಿ ಮರೆತುಬಿಟ್ನಾ ಅವನು, ಯೋಬ್ ಸತ್ತಿದ್ದು? ಮರೆತು ಜರ್ಮನರ ಹತ್ರ ಹೋಗಿ, ಯೋಬ್ ಇದ್ದಾನೆ ಕರ್ಕೊಂಡು ಹೋಗಿ ಅಂದ್ನಾ?"

ತಾನೆತ್ಯೆ ಸೌಟು ಹಿಡಿದು ನಿಂತುಬಿಟ್ಟಳು. ಕ್ರೈನ್ "ಸುಮ್ನಿರೇ" ಎಂದ.

"ಹೆದರಿಕೇಲಿ ಯಾರ ಬಾಯಲ್ಲಿ ಏನು ಬರುತ್ತೋ," ಎಂದೆ. ಸರಿಯಾದ ಉತ್ತರವೇ. ಆಮೇಲೆ ಮೂರು ತಾಸು ಕಿಟಕಿಯಲ್ಲಿ ಕೂತು ನೀರು ನೋಡಿದೆ. ಸತ್ತ ಹಂದಿಯೊಂದು ಬಂತು, ಹೋಯಿತು, ಉಬ್ಬರಕ್ಕೆ ತಿರುಗಿ ಬಂತು.

ಅಕ್ಟೋಬರ್ 23

ಬರೆಯಲು ಏನೂ ಇಲ್ಲ.

ಅಕ್ಟೋಬರ್ 24

ಏನೂ ಇಲ್ಲ.

ಅಕ್ಟೋಬರ್ 26, ಗುರುವಾರ

ಕೇಳಿಬಿಟ್ಟೆ. ತಾನೆತ್ಯೆ, ಯಾನ್ನಾ ಇಬ್ಬರ ಮುಂದೆಯೇ. ಬೆಳಿಗ್ಗೆ ಅವನು ಗೂಟ ಚೂಪು ಮಾಡುತ್ತಿದ್ದ.

"ಕ್ರೈನ್, ಆ ದಿನ ಲೆಫ್ಟಿನೆಂಟ್ ಓದಿದ ಕಾಗದ ಹತ್ತಿರದಿಂದ ನೋಡಿದೆಯಾ?"

"ನೋಡೋದೇನು? ಮೊದಲನೇ ಮೂರು ಹೆಸರು ಕೇಳಿದಾಗಲೇ ಗೊತ್ತಾಯ್ತು. ಮೂವತ್ತು ಚಳಿಗಾಲ ಬಿರುಗಾಳೀಲಿ ನಿಂತು ಅದೇ ಸಾಲಲ್ಲಿ ಹಾಜರಿ ಹೇಳಿದೀನಿ. ಒಡ್ಡಿನ ಉತ್ತರದ ತುದಿಯಿಂದ ಶುರು, ದಕ್ಷಿಣದಲ್ಲಿ ಮುಗಿಯುತ್ತೆ. ಆ ಸಾಲಲ್ಲಿ ಊರವರ ಹೆಸರು ಕರೆಯೋನು ನೀನೊಬ್ಬನೇ."

"ಮತ್ತೆ ಯಾಕೆ ಬಾಯಿ ಮುಚ್ಕೊಂಡಿದ್ದೆ?"

"ಯಾರು ಮುಚ್ಕೊಂಡಿದ್ದು? ಸುಸಾನಂಗೆ ಹೇಳಿದೆ. ಪಾದ್ರಿಗೆ ಹೇಳಿದೆ. ಮಗನ್ನ ಕಳ್ಕೊಂಡೋನ ಮೇಲೆ ಗೂಬೆ ಕೂರಿಸ್ತೀಯಾ, ನಿನಗೆ ಮಾನ ಇಲ್ವಾ ಅಂದ್ರು." ಚಾಕು ಮಡಿಚಿ ಇಟ್ಟ. "ನೀನು ಬೇಕಂತ ಕೊಟ್ಟೆ ಅಂತ ನಾನು ಹೇಳಲ್ಲ. ಕೈಬರಹ ಚೆನ್ನಾಗಿದೆ ಅಂದಿರ್ತಾನೆ. ಅಷ್ಟು ಸಾಕಲ್ಲ ನಿಂಗೆ."

ಹೊಡೆಯಬೇಕೆಂದು ಎದ್ದೆ. ಅಟ್ಟದ ತೊಲೆಗೆ ತಲೆ ಬಡಿದು ಕೂತೆ. ಯಾರೂ ನಗಲಿಲ್ಲ.

ಬರೆದೇ ಬಿಡುತ್ತೇನೆ, ಈ ಪುಸ್ತಕ ಬೇರೆ ಯಾರು ಓದುತ್ತಾರೆ. ಲೆಫ್ಟಿನೆಂಟ್ ಹೊಗಳಿದ. ಬಿರುಗಾಳಿ ಬಂದರೆ ನಮಗೂ ಜನ ಬೇಕಾಗುತ್ತಾರೆ, ಒಂದು ಪ್ರತಿ ಸಿಗಬಹುದೇ ಎಂದು ಕೇಳಿದ. ಸಭ್ಯವಾಗಿ ಕೇಳಿದ. ಹಳೆಯ ಪ್ರತಿ ಕೊಡಬಹುದಿತ್ತು. ಅದರಲ್ಲಿ ಮಸಿ ಚೆಲ್ಲಿತ್ತು. ಅವನನ್ನು ಕೂರಿಸಿ, ಹೊಸ ಹಾಳೆ ತೆಗೆದು, ಹೊಸದಾಗಿ ಬರೆದುಕೊಟ್ಟೆ. ಯೋಬನ ಹೆಸರನ್ನೂ ಬರೆದೆ, ನಿಯಮ ನಿಯಮವೇ. ವಿಸ್ಸೆಯದನ್ನೂ.

ತಾನೆತ್ಯೆ ನನ್ನನ್ನು ಭಾವ ಎಂದು ಕರೆಯುವುದನ್ನು ನಿಲ್ಲಿಸಿದ್ದಾಳೆ. ತಟ್ಟೆಯನ್ನು ಕೈಗೆ ಕೊಡುವುದಿಲ್ಲ, ಪೆಟ್ಟಿಗೆಯ ಮೇಲಿಟ್ಟು ಹೋಗುತ್ತಾಳೆ.

ನವೆಂಬರ್ 1, ಬುಧವಾರ

ಬೆಳಗಾಗುವ ಮುಂಚಿನಿಂದ ಪಶ್ಚಿಮದಲ್ಲಿ ಫಿರಂಗಿಗಳ ಸದ್ದು. ನಾವು ಕಾಯುತ್ತಿದ್ದ ದಾಳಿ ಶುರುವಾಗಿದೆ. ಒಡ್ಡು ಒಡೆದ ಕಂಡಿಯಿಂದಲೇ ಇಂಗ್ಲಿಷರ ಹಡಗುಗಳು ನುಗ್ಗುತ್ತಿವೆಯಂತೆ. ಕಿಟಕಿಯ ಗಾಜು ಒಂದೂ ಉಳಿಯಲಿಲ್ಲ. ನಾಲ್ವರೂ ಒಂದೇ ಹಾಸಿಗೆಯ ಕೆಳಗೆ ಮಲಗಿದ್ದೆವು. ಕ್ರೈನನ ಮೊಣಕೈ ಇಡೀ ದಿನ ನನ್ನ ಪಕ್ಕೆಯಲ್ಲಿತ್ತು.

ನವೆಂಬರ್ 7, ಮಂಗಳವಾರ

ಮಿಡಲ್‌ಬರ್ಗ್ ನಿನ್ನೆ ಬಿಡುಗಡೆಯಾಯಿತು. ದೋಣಿಯಲ್ಲಿ ಬಂದವರು ಸುದ್ದಿ ತಂದರು. ಚರ್ಚಿನ ದಿಣ್ಣೆಯ ಮೇಲೆ ಜನ ಕುಣಿದರು. ಜೊತೆಗೆ ಇನ್ನೊಂದು ಸುದ್ದಿ: ತೋಳಿಗೆ ನಮ್ಮ ರಾಜಮನೆತನದ ಕಿತ್ತಳೆ ಬಣ್ಣದ ಬಟ್ಟೆ ಕಟ್ಟಿಕೊಂಡ ನಮ್ಮವರೇ ಊರೂರಿಗೆ ಹೋಗಿ ಜರ್ಮನರಿಗೆ ನೆರವಾದವರನ್ನು ಹಿಡಿಯುತ್ತಿದ್ದಾರೆ. ಅಂಥವರನ್ನು ನೀರಿನಡಿಯ ರಸ್ತೆಯಲ್ಲಿ ಮುಂದೆ ನಡೆಸಿ ನೆಲಬಾಂಬು ಹುಡುಕಿಸುತ್ತಾರಂತೆ. ನಾಳೆ ನಮ್ಮ ಊರಿನ ಸರದಿ. ಬೇಕರಿಯ ಲೌರೆನ್ಸ್ ಅವರ ಮುಖಂಡ. ನನ್ನನ್ನು ಕಂಡು ಕೈ ಕುಲುಕಿದ.

"ರೂಲ್ಸೆ ನಿಮ್ಮ ಮನೇಲೇ ಇದ್ದಾನಂತೆ, ಓಡಿಹೋಗದ ಹಾಗೆ ಇಟ್ಕೊಂಡಿದ್ದೀರಿ, ಭೇಷ್! ನಾಳೆ ಇಂಗ್ಲಿಷ್ ಕ್ಯಾಪ್ಟನ್ ನಮ್ಮ ಜೊತೆ ಬರ್ತಾನೆ. ಸಾಕ್ಷಿ ನೀವೇ, ದುಭಾಷಿನೂ ನೀವೇ. ನೀವು ಹೌದು ಅಂದ್ರೆ ಮುಗೀತು ಗುಮಾಸ್ತರೇ."

ನಾನು ಹೌದು ಅಂದರೆ ಮುಗಿಯಿತು. ಸುಮ್ಮನಿದ್ದರೂ ಮುಗಿಯಿತು. ಸೆಪ್ಟೆಂಬರ್ ಹತ್ತರ ಪುಟ ಹಾಗೇ ಇದೆ, ಓದಿದರಾಯಿತು. ವಿಸ್ಸೆ ಬದುಕಿ ಬಂದರೆ ಅವನಿಗೆ ಯಾವ ತಂದೆ ಸಿಗಬೇಕು? ಅದೊಂದೇ ಪ್ರಶ್ನೆ. ಕ್ರೈನನಿಗೆ ಹೇಗೂ ಊರಿನಲ್ಲಿ ಮಾನ ಉಳಿದಿಲ್ಲ. ಅವನಿಗೆ ಕಳೆದುಕೊಳ್ಳಲು ಏನಿದೆ? ನಾನೇ ಕಳೆದದ್ದು, ಹೌದು. ಆದರೂ.

ಮನೆಗೆ ಬಂದಾಗ ತಾನೆತ್ಯೆಗೆ ಎಲ್ಲ ಗೊತ್ತಾಗಿತ್ತು.

"ಸುಸಾನಂಗೆ ನಾನು ಹೇಳಲ್ಲ," ಎಂದಳು. "ನನ್ನಕ್ಕ ಸತ್ತಳು, ಆಕೆ ಗಂಡನ ಹೆಸರನ್ನ ನನ್ನ ಬಾಯಲ್ಲಿ ಕೆಡಿಸಲ್ಲ. ಅದನ್ನೂ ನೀವೇ ಮಾಡ್ಕೊಳ್ಳಿ."

ಕ್ರೈನ್ ಹಸುವಿಗೆ ಹುಲ್ಲು ಹಾಕುತ್ತಿದ್ದ. ತಲೆ ಎತ್ತಲಿಲ್ಲ. ಬೇಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು.

ನವೆಂಬರ್ 8, ಬುಧವಾರ

ಮಧ್ಯಾಹ್ನ ಬಂದರು. ನೀರಿನಲ್ಲೂ ನೆಲದ ಮೇಲೂ ಓಡುವ ಕಬ್ಬಿಣದ ಗಾಡಿಯೊಂದು ಚರ್ಚಿನ ದಿಣ್ಣೆಗೆ ಹತ್ತಿತು. ಕ್ಯಾಪ್ಟನ್ ಇಪ್ಪತ್ತೈದು ದಾಟದವನು, ಮುಖದ ತುಂಬ ಕೆಸರು, ನಿಂತಲ್ಲೇ ನಿದ್ದೆ ಮಾಡುವ ಹಾಗಿದ್ದ. ಊರಿನ ನೂರು ಜನ ಸುತ್ತ ನಿಂತರು. ಲೌರೆನ್ಸ್ ಮತ್ತು ಇನ್ನಿಬ್ಬರು ನಮ್ಮ ಮನೆಯಿಂದ ಕ್ರೈನನ ಕೈ ಹಿಂದಕ್ಕೆ ಕಟ್ಟಿ ತಂದರು. ಯಾನ್ನಾ ಹಿಂದೆಯೇ ಬಂದಳು, ತಲೆಗೆ ಏನೂ ಕಟ್ಟಿಕೊಳ್ಳದೆ. ಜನ ಕೂಗಿದರು. ಸುಸಾನ ಕೂಗಲಿಲ್ಲ. ಎದುರಿಗೇ ನಿಂತಿದ್ದಳು, ಕಪ್ಪು ಬಟ್ಟೆಯಲ್ಲಿ.

"ಹೇಳಿ ಗುಮಾಸ್ತರೇ," ಎಂದ ಲೌರೆನ್ಸ್. "ಕ್ಯಾಪ್ಟನ್ನಿಗೆ ಹೇಳಿ. ಈ ನಾಯಿ ನಮ್ಮ ಹತ್ತೊಂಬತ್ತು ಜನರ ಹೆಸರು ಜರ್ಮನರಿಗೆ ಕೊಟ್ಟ ಅಂತ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅಷ್ಟು ಬಂತು. ಕ್ಯಾಪ್ಟನ್ ಕ್ರೈನನ ಕಡೆ ನೋಡಿ, ಇವನೇನು ಹೇಳುತ್ತಾನೆ ಎಂದು ಕೇಳಿದ. ಕೇಳಿದೆ.

"ನಾನು ಹೇಳೋದೆಲ್ಲ ಹೋದ ವರ್ಷಾನೇ ಹೇಳಿ ಆಯ್ತು," ಎಂದ ಕ್ರೈನ್. "ನಿನಗೆ ತಿಳಿದ ಹಾಗೆ ಹೇಳ್ಕೋ."

ಆಗ ನಾನು ಕ್ಯಾಪ್ಟನ್ನಿಗೆ ಉಳಿದದ್ದನ್ನೂ ಹೇಳಿದೆ. ಪಟ್ಟಿ ನನ್ನದು, ಬರೆದದ್ದು ನಾನು, ಕೊಟ್ಟದ್ದು ನಾನು, ಈ ಮನುಷ್ಯ ಕೊಡಲಿಲ್ಲ, ಇವನ ಮೇಲೆ ಸುಳ್ಳು ಹೊರಿಸಿದ್ದೂ ನಾನು. ಮುರುಕು ಇಂಗ್ಲಿಷು, ಆದರೆ ಒಂದೂ ಪದಕ್ಕೆ ತಡಕಾಡಲಿಲ್ಲ. ಆಶ್ಚರ್ಯವಾಯಿತು, ಎಷ್ಟು ಸುಲಭ! ಎದೆ ಹಗುರವಾಯಿತು. ಸುತ್ತ ನೂರು ಜನ ಪಿಳಿಪಿಳಿ ನೋಡುತ್ತಿದ್ದರು, ಒಬ್ಬರಿಗೂ ಒಂದಕ್ಷರ ತಿಳಿದಿರಲಿಲ್ಲ.

ಕ್ಯಾಪ್ಟನ್ ನನ್ನ ಕಡೆ ತಿರುಗಿದ. ನಿದ್ದೆ ಹಾರಿಹೋಗಿತ್ತು. ಅವನು ಕೇಳಿದ್ದು ಇಷ್ಟೇ: "ಇದು ಇವರಿಗೆ ಗೊತ್ತೇ?"

ಇಲ್ಲ ಎಂದೆ.

"ಮತ್ತೆ ನನಗೆ ಯಾಕೆ ಹೇಳುತ್ತಿದ್ದೀರಿ?"

ಗಾಡಿಯ ಅಂಚಿಗೆ ಒರಗಿ, ಕೈಕಟ್ಟಿ ಕಾದ. ನಮ್ಮ ಒಡ್ಡು ಒಡೆದವನು. ಗಿರಣಿಯಲ್ಲಿ ಮಕ್ಕಳನ್ನು ಕೊಂದವರ ಪೈಕಿ. ಅವನಿಗೆ ನನ್ನನ್ನು ಹೀಗೆ ಕೇಳುವ ಯಾವ ಹಕ್ಕಿದೆ? ಈ ಪ್ರಶ್ನೆಯನ್ನು ಅವನ ಮುಖಕ್ಕೆ ಎಸೆಯಲು ಇಂಗ್ಲಿಷ್ ಹುಡುಕಿದೆ. ಬರಲಿಲ್ಲ.

"ಏನಂತೆ?" ಎಂದ ಲೌರೆನ್ಸ್. "ಒಪ್ಪಿದ್ನಾ ಕ್ಯಾಪ್ಟನ್?"

"ಕ್ರೈನನ ಕೈ ಬಿಚ್ಚಿ," ಎಂದೆ.

"ಏನು?"

"ಬಿಚ್ಚಯ್ಯಾ. ಅವನು ಕೊಟ್ಟಿಲ್ಲ. ನಾನು ಕೊಟ್ಟೆ. ಒಡ್ಡು ಕಾವಲಿನ ಪಟ್ಟಿ ಅದು. ಅದಕ್ಕೇ ಯೋಬನ ಹೆಸರು ಇತ್ತು ಅದರಲ್ಲಿ. ಲೆಫ್ಟಿನೆಂಟ್ ಕೇಳಿದ, ನಾನು ಬರೆದುಕೊಟ್ಟೆ."

ಲೌರೆನ್ಸ್ ನಕ್ಕ, ನನ್ನ ಭುಜ ಹಿಡಿದ. "ಬಳಲಿದ್ದೀರಿ ಗುಮಾಸ್ತರೇ. ಐದು ವಾರ ನೀರಿನ ಮಧ್ಯೆ, ಇವನ ಜೊತೆ... ತಲೆ ಕೆಡದೆ ಇರುತ್ತಾ? ಮಗನ ದುಃಖ ಬೇರೆ." ಹಿಂದಿನಿಂದ ಯಾರೋ "ಪಾಪ" ಎಂದರು. ಒಂದು ವರ್ಷ ನನ್ನ ಸುಳ್ಳನ್ನು ಎರಡನೇ ಸಲ ಕೇಳದೆ ನುಂಗಿದ ಜನ!

"ನನ್ನ ತಲೆ ಸರಿಯಾಗಿದೆ," ಎಂದು ಕಿರುಚಿದೆ. "ನೀವೇ ಹೇಳಿ, ಆ ದಿನ ಕರೆದ ಸಾಲು ಯಾವುದು? ಅಕ್ಷರದ ಸಾಲಾ? ಬೀದಿ ಸಾಲಾ? ಉತ್ತರದ ತುದಿಯಿಂದ ದಕ್ಷಿಣಕ್ಕೆ, ಒಡ್ಡಿನ ಸಾಲು! ಪ್ರತಿ ಬಿರುಗಾಳೀಲೂ ಕೇಳಿಲ್ವಾ ನೀವು?"

ಅವರ ಬಾಯಿಗಳು ಸದ್ದಿಲ್ಲದೆ ಆಡುವುದು ಕಂಡಿತು. ಒಬ್ಬೊಬ್ಬರೂ ಆ ದಿನವನ್ನು ತಮ್ಮೊಳಗೆ ಮತ್ತೆ ಕರೆದುಕೊಳ್ಳುತ್ತಿದ್ದರು. ಲೌರೆನ್ಸ್ ನನ್ನ ಭುಜದಿಂದ ಕೈ ತೆಗೆದ. ಒಬ್ಬ ಬಂದು ಕ್ರೈನನ ಹಗ್ಗ ಬಿಚ್ಚಿದ. ಕ್ರೈನ್ ಮಣಿಕಟ್ಟು ಉಜ್ಜಿಕೊಂಡು, ಯಾನ್ನಾಳ ಕೈ ಹಿಡಿದು, ಗುಂಪನ್ನು ಸೀಳಿಕೊಂಡು ಹೊರಟುಹೋದ. ನನ್ನ ಕಡೆ ನೋಡಲಿಲ್ಲ. ನೋಡಬೇಕೆಂದು ನಾನೇನೂ ಕಾದಿರಲಿಲ್ಲ.

ಸುಸಾನ ಹತ್ತಿರ ಬಂದಳು. ಉಗಿಯುತ್ತಾಳೆ ಅಂದುಕೊಂಡು ಕಣ್ಣು ಮುಚ್ಚಿದೆ. ಉಗಿಯಲಿಲ್ಲ.

"ಓದಿ," ಎಂದಳು.

"ಏನನ್ನ?"

"ನಿಮ್ಮ ಪಟ್ಟಿ. ಬಾಯಿಪಾಠ ಇರುತ್ತಲ್ಲ ನಿಮಗೆ. ಅವರನ್ನ ಕರೆದ ಹಾಗೇ ಕರೀರಿ. ಅವತ್ತು ಜರ್ಮನ್ ಬಾಯಲ್ಲಿ ಕೇಳಿದೀವಿ. ಇವತ್ತು ಬರೆದೋರ ಬಾಯಲ್ಲಿ ಕೇಳ್ತೀವಿ."

ಬಾಯಿಪಾಠವಿತ್ತು. ಉತ್ತರದ ತುದಿಯಿಂದ ಶುರುಮಾಡಿದೆ. ಒಂದೊಂದು ಹೆಸರಿಗೂ ಗುಂಪಿನಲ್ಲಿ ಒಂದು ತಲೆ ಮೇಲೇಳುತ್ತಿತ್ತು, ಒಬ್ಬ ತಾಯಿ, ಒಬ್ಬ ಹೆಂಡತಿ, ಒಬ್ಬ ತಮ್ಮ. ಎದ್ದ ತಲೆ ಮತ್ತೆ ಕೆಳಗಾಗುತ್ತಿರಲಿಲ್ಲ, ನನ್ನನ್ನೇ ನೋಡುತ್ತಿತ್ತು. ಏಳನೆಯದು ಯೋಬ್. ಸುಸಾನ ಕದಲಲಿಲ್ಲ. ಎಂಟು, ಒಂಬತ್ತು, ಹತ್ತು, ಹನ್ನೊಂದು.

ಹನ್ನೆರಡನೆಯದು ವಿಸ್ಸೆ. ಹೇಳಿದೆ. ಅಲ್ಲಿ ಗುಂಪಿನಲ್ಲಿ ಏಳಲು ಯಾವ ತಲೆಯೂ ಇರಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೇ ಇತ್ತು. ಇಲ್ಲಿಗೆ ಸಾಕು ಅನ್ನುತ್ತಾರೆ, ಇಷ್ಟಾದರೂ ಕರುಣೆ ತೋರುತ್ತಾರೆ ಅಂದುಕೊಂಡೆ.

"ಮುಂದೆ," ಎಂದಳು ಸುಸಾನ.